ಅದೇ ಕುದುರೆ, ಅದೇ ಟೋಪಿ, ಬೇರೆ ಬೇರೆ ಅಮೆರಿಕ

ಸಿನಿಮಾ ಗೆಳೆಯರ ನಮ್ಮ ಸಣ್ಣ ಕೂಟದಲ್ಲಿ ಹೋದ ತಿಂಗಳು ಆಡಿದ ಮಾತುಗಳಿವು. ಬರೆದುಕೊಡಿ ಅಂತ ಒಂದಿಬ್ಬರು ಕೇಳಿದರು. ಅವತ್ತು ಪ್ರೊಜೆಕ್ಟರ್ ಕೈಕೊಟ್ಟಿತು. ತೋರಿಸಬೇಕು ಅಂತ ಆರಿಸಿಟ್ಟಿದ್ದ ದೃಶ್ಯಗಳನ್ನೆಲ್ಲ ಕೈ ಬಾಯಿ ಆಡಿಸಿ ಹೇಳಬೇಕಾಯಿತು. ಬರೆಯೋಕೆ ಕೂತಾಗ ಅದೇ ಒಳ್ಳೇದಾಯಿತು ಅನ್ನಿಸಿತು.

ನನ್ನ ಸೋದರಮಾವನಿಗೆ ಕೌಬಾಯ್ ಪಿಕ್ಚರ್ ಹುಚ್ಚು. 'ಮೆಕೆನ್ನಾಸ್ ಗೋಲ್ಡ್' ಎಷ್ಟು ಸಲ ನೋಡಿದ್ದರೋ ಅವರಿಗೇ ಲೆಕ್ಕ ಇರಲಿಲ್ಲ. ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆಕಾಶದಲ್ಲಿ ರಣಹದ್ದು ಸುತ್ತುವುದರಿಂದ ಹಿಡಿದು ಬಂಗಾರದ ಕಣಿವೆ ಕುಸಿದು ಬೀಳುವವರೆಗೆ ಪೂರ್ತಿ ಕಥೆಯನ್ನು ಊಟದ ಎಲೆ ಮುಂದೆ ಕೂತು ಹೇಳೋರು, ಅನ್ನ ಆರಿಹೋಯ್ತು ಅಂತ ಅತ್ತೆ ಬೈಯೋವರೆಗೂ. ತುಂಬಾ ವರ್ಷದ ಮೇಲೆ ನನಗೊಂದು ವಿಷಯ ಗೊತ್ತಾಯಿತು. 1969ರ ಆ ಪಿಕ್ಚರ್ ನಮ್ಮ ಕಡೆ ಅಷ್ಟೊಂದು ಓಡಿದ್ದರೂ ಅದರ ತವರಲ್ಲಿ ತೋಪೆದ್ದಿತ್ತು. ಗ್ರೆಗರಿ ಪೆಕ್ ಇದ್ದಾರೆ, ಒಮರ್ ಷರೀಫ್ ಇದ್ದಾರೆ, ಕುದುರೆ, ಬಂದೂಕು, ನಿಧಿ ಎಲ್ಲ ಇದೆ, ಆದರೂ ಅಲ್ಲಿನವರಿಗೆ ಬೇಡವಾಯಿತು. ಅದೇ ವರ್ಷ ಅಲ್ಲಿ ಎಲ್ಲರ ಬಾಯಲ್ಲಿದ್ದ ಕೌಬಾಯ್ ಪಿಕ್ಚರ್ ಯಾವುದು ಗೊತ್ತಾ? ಸ್ಯಾಮ್ ಪೆಕಿನ್‌ಪಾ ಅವರ 'ದಿ ವೈಲ್ಡ್ ಬಂಚ್'. ಶುರುವಲ್ಲೇ ಮಕ್ಕಳು ಚೇಳನ್ನು ಇರುವೆ ಗೂಡಿಗೆ ಹಾಕಿ ನಗುತ್ತಾ ನೋಡುತ್ತಿರುತ್ತಾರೆ. ಕೊನೆಯಲ್ಲಿ ಮಷಿನ್ ಗನ್, ರಕ್ತದ ಕೋಡಿ. ವಿಯೆಟ್ನಾಂನಿಂದ ಶವಪೆಟ್ಟಿಗೆಗಳು ಬರುತ್ತಿದ್ದ ವರ್ಷ ಅದು. ನಿಧಿ ಹುಡುಕುವ ಕಥೆ ಕೇಳುವ ಮನಸ್ಸು ಅವರಿಗೆ ಇರಲಿಲ್ಲ ಅಂತ ಕಾಣುತ್ತೆ.

ನಾನು ಹೇಳಬೇಕು ಅಂದುಕೊಂಡಿರೋದು ಇಷ್ಟೇ. ಕೌಬಾಯ್ ಪಿಕ್ಚರ್ ನೋಡುವಾಗ ಕಥೆ ನಡೆಯುವ ವರ್ಷ ಮರೆತುಬಿಡಿ, ಪಿಕ್ಚರ್ ತೆಗೆದ ವರ್ಷ ನೋಡಿ. ಈ ಕಥೆಗಳಲ್ಲಿ ಹೆಚ್ಚಿನವು ನಡೆಯೋದು 1865ರಲ್ಲಿ ಅವರ ಅಂತರ್ಯುದ್ಧ ಮುಗಿದ ಮೇಲಿಂದ 1890ರವರೆಗಿನ ಇಪ್ಪತ್ತೈದು ವರ್ಷದಲ್ಲಿ. 1890ರ ಜನಗಣತಿಯವರು, ಇನ್ನು ಪಶ್ಚಿಮದಲ್ಲಿ ಇಲ್ಲಿಗೆ ನಮ್ಮ ಜನವಸತಿ ಮುಗಿಯಿತು ಅಂತ ಗೆರೆ ಎಳೆಯೋಕೆ ಆಗೋದಿಲ್ಲ ಅಂದುಬಿಟ್ಟರು. ಇಪ್ಪತ್ತೈದೇ ವರ್ಷದ ಕಾಲವನ್ನು ಇಟ್ಟುಕೊಂಡು 1903ರ 'ದಿ ಗ್ರೇಟ್ ಟ್ರೈನ್ ರಾಬರಿ'ಯಿಂದ ಇವತ್ತಿನವರೆಗೆ ನೂರಿಪ್ಪತ್ತು ವರ್ಷ ಪಿಕ್ಚರ್ ತೆಗೆದಿದ್ದಾರೆ. ಕುದುರೆ ಅದೇ, ಟೋಪಿ ಅದೇ, ಸಲೂನಿನ ತೂಗುಬಾಗಿಲೂ ಅದೇ. ಹಾಗಿದ್ದ ಮೇಲೆ ಒಂದು ಪಿಕ್ಚರಿಗೂ ಇನ್ನೊಂದಕ್ಕೂ ಏನು ಬದಲಾಗುತ್ತೋ ಅದು ಹಳೇ ಕಾಲದ್ದಲ್ಲ, ಟಿಕೆಟ್ ತಗೊಂಡು ಕೂತವರದ್ದು. ಭಯ ಯಾವ ಕಡೆಯಿಂದ ಬರುತ್ತಿದೆ, ಊರಿನವರು ಎಲ್ಲಿ ನಿಂತಿದ್ದಾರೆ, ಇವೆರಡನ್ನು ನೋಡುತ್ತಾ ಹೋದರೆ ಸಾಕು.

1939ರ 'ಸ್ಟೇಜ್‌ಕೋಚ್' ತಗೊಳ್ಳಿ. ಜಾನ್ ಫೋರ್ಡ್ ನಿರ್ದೇಶನ, ಜಾನ್ ವೇನ್ ಅವರನ್ನು ದೊಡ್ಡ ತಾರೆ ಮಾಡಿದ ಪಿಕ್ಚರ್. ಒಂದು ಕುದುರೆ ಬಂಡಿಯಲ್ಲಿ ಒಂದಿಷ್ಟು ಜನ. ಊರಿನ ಮರ್ಯಾದಸ್ಥ ಹೆಂಗಸರು ಓಡಿಸಿದ ವೇಶ್ಯೆ, ಕುಡುಕ ಡಾಕ್ಟರು, ಸೈನ್ಯಾಧಿಕಾರಿಯ ಬಸುರಿ ಹೆಂಡತಿ, ಜೂಜುಕೋರ, ಜೈಲಿನಿಂದ ತಪ್ಪಿಸಿಕೊಂಡ ರಿಂಗೋ. ಜೊತೆಗೊಬ್ಬ ಬ್ಯಾಂಕ್ ಮಾಲೀಕ. ಈ ಮನುಷ್ಯ ದಾರಿಯುದ್ದಕ್ಕೂ ಭಾಷಣ ಬಿಗಿಯುತ್ತಾನೆ. ಸರ್ಕಾರ ವ್ಯಾಪಾರದಲ್ಲಿ ಕೈ ಹಾಕಬಾರದಂತೆ, ದೇಶಕ್ಕೆ ಬೇಕಾಗಿರೋದು ವ್ಯಾಪಾರಿ ಅಧ್ಯಕ್ಷನಂತೆ. ಅವನ ಕೈಚೀಲದಲ್ಲಿರೋದು ಬ್ಯಾಂಕಿಗೆ ಬಂದ ಬೇರೆಯವರ ದುಡ್ಡು, ಕದ್ದುಕೊಂಡು ಹೊರಟಿದ್ದಾನೆ. 1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ ಬ್ಯಾಂಕುಗಳು ಮುಳುಗಿ ಉಳಿತಾಯ ಕಳೆದುಕೊಂಡಿದ್ದ ಜನ ಇದನ್ನು ನೋಡುತ್ತಿದ್ದರು ಅನ್ನೋದು ನೆನಪಿರಲಿ. ಸೂಳೆ, ಕುಡುಕ, ಕೈದಿ ಒಳ್ಳೆಯವರು. ಕೋಟು ಹಾಕಿದವನು ಕಳ್ಳ. 1880ರ ಸುಮಾರಿನ ಕಥೆಯೊಳಗೆ ಅಧ್ಯಕ್ಷ ರೂಸ್‌ವೆಲ್ಟ್ ಕಾಲದ ಸಿಟ್ಟು ಹೀಗೆ ಸದ್ದಿಲ್ಲದೆ ಬಂದು ಕೂತಿದೆ.

ಹಾಗಂತ ಆ ಬಂಡಿಯಲ್ಲಿ ಎಲ್ಲರಿಗೂ ಜಾಗ ಇತ್ತು ಅಂತಲ್ಲ. ನಾವು ಚಿಕ್ಕಂದಿನಲ್ಲಿ ರೆಡ್ ಇಂಡಿಯನ್ ಅಂತ ಕರೆಯುತ್ತಿದ್ದ ಮೂಲನಿವಾಸಿಗಳು ಬರುತ್ತಾರೆ, ಕೂಗುತ್ತಾರೆ, ಕುದುರೆಯಿಂದ ಬೀಳುತ್ತಾರೆ. ಫೋರ್ಡ್ ಶೂಟಿಂಗ್ ಮಾಡುತ್ತಿದ್ದ ಮಾನ್ಯುಮೆಂಟ್ ವ್ಯಾಲಿಯ ಸುತ್ತ ಬದುಕುವ ನವಾಹೊ ಜನ ಅವರ ಪಿಕ್ಚರುಗಳಲ್ಲಿ ಒಮ್ಮೆ ಅಪಾಚೆ, ಒಮ್ಮೆ ಕೊಮಾಂಚಿ, ಒಟ್ಟಿನಲ್ಲಿ ಯಾರು ಬೇಕೋ ಅವರಾದರು. ಕೊನೆಯಲ್ಲಿ ಬಂಡಿಯವರ ಗುಂಡೆಲ್ಲ ಖಾಲಿ. ಆ ಬಸುರಿ ಈಗ ಬಾಣಂತಿ. ಅವಳು ಅಪಾಚೆಗಳ ಕೈಗೆ ಸಿಗಬಾರದು ಅಂತ ಜೂಜುಕೋರ ಉಳಿದ ಒಂದೇ ಗುಂಡನ್ನು ಅವಳ ತಲೆಗೆ ಗುರಿ ಇಡುತ್ತಾನೆ. ಅಷ್ಟರಲ್ಲಿ ಅವನೇ ಗುಂಡು ತಿಂದು ಬೀಳುತ್ತಾನೆ, ದೂರದಿಂದ ಸೈನ್ಯದ ಕಹಳೆ ಕೇಳಿಸುತ್ತೆ. ಟಾಕೀಸಿನಲ್ಲಿ ಜೀವ ಬಂದಂತಾಗುತ್ತೆ. ಈ ಕಹಳೆಯನ್ನು ಕಿವಿಯಲ್ಲಿ ಇಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಪಿಕ್ಚರಿಗೆ ಬರುತ್ತೇನೆ. 'ಹೈ ನೂನ್', 1952. ಗ್ಯಾರಿ ಕೂಪರ್ ಊರಿನ ಮಾರ್ಷಲ್, ಅಂದರೆ ಕಾನೂನು ಕಾಯುವ ಅಧಿಕಾರಿ. ಅವತ್ತೇ ಮದುವೆ, ಅವತ್ತೇ ಕೆಲಸ ಬಿಟ್ಟು ಊರು ಬಿಡುವ ದಿನ. ಅಷ್ಟರಲ್ಲಿ ಸುದ್ದಿ ಬರುತ್ತೆ. ತಾನು ಜೈಲಿಗೆ ಕಳಿಸಿದ್ದ ಫ್ರಾಂಕ್ ಮಿಲ್ಲರ್ ಮಧ್ಯಾಹ್ನ ಹನ್ನೆರಡರ ರೈಲಿಗೆ ಬರುತ್ತಿದ್ದಾನೆ, ಅವನ ಮೂವರು ಚೇಲಾಗಳು ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾರೆ. ಸಿನಿಮಾದ ಹೊತ್ತೂ ಕಥೆಯ ಹೊತ್ತೂ ಹೆಚ್ಚುಕಡಿಮೆ ಒಂದೇ. ಗೋಡೆ ಗಡಿಯಾರ ಮತ್ತೆ ಮತ್ತೆ ತೋರಿಸುತ್ತಾರೆ. ಮಾರ್ಷಲ್ ಮನೆ ಮನೆಗೆ ಹೋಗಿ, ಬನ್ರಪ್ಪಾ, ನಾಲ್ಕು ಜನ ನನ್ನ ಜೊತೆ ನಿಲ್ಲಿ ಅಂತ ಕೇಳುತ್ತಾನೆ. ಯಾರೂ ಬರೋದಿಲ್ಲ. ಅಷ್ಟೇ ಕಥೆ.

ಆ ಯಾರೂ ಬರದೇ ಇರೋದನ್ನು ಹತ್ತಿರದಿಂದ ನೋಡಬೇಕು. ನ್ಯಾಯಾಧೀಶ ಮಾತಾಡುತ್ತಾ ಮಾತಾಡುತ್ತಾ ಗೋಡೆ ಮೇಲಿನ ಅಮೆರಿಕದ ಬಾವುಟ ಇಳಿಸಿ ಮಡಚುತ್ತಾನೆ, ನ್ಯಾಯದ ತಕ್ಕಡಿಯನ್ನೂ ಚೀಲಕ್ಕೆ ತುಂಬಿಕೊಳ್ಳುತ್ತಾನೆ, ಕುದುರೆ ಹತ್ತಿ ಹೊರಟೇ ಹೋಗುತ್ತಾನೆ. ಒಬ್ಬ ಗೆಳೆಯ ಒಳಗೆ ಅಡಗಿ, ಮನೆಯಲ್ಲಿಲ್ಲ ಅಂತ ಹೆಂಡತಿ ಕೈಲಿ ಸುಳ್ಳು ಹೇಳಿಸುತ್ತಾನೆ. ಆ ಹೆಂಗಸಿನ ಮುಖ ನೋಡಿ, ಸುಳ್ಳು ಹೇಳಿದ್ದಕ್ಕೆ ಅವಳಿಗೇ ನಾಚಿಕೆ. ಚರ್ಚಿನಲ್ಲಂತೂ ದೊಡ್ಡ ಚರ್ಚೆ. ಊರಿನ ಮುಖಂಡ ಎದ್ದು ನಿಂತು ಮಾರ್ಷಲನ್ನು ಹಾಡಿ ಹೊಗಳುತ್ತಾನೆ, ಸರಿ, ಈಗ ಜನ ಏಳುತ್ತಾರೆ ಅಂದುಕೊಳ್ಳುವಷ್ಟರಲ್ಲಿ, ಉತ್ತರದ ದೊಡ್ಡ ಜನ ನಮ್ಮೂರಲ್ಲಿ ಬಂಡವಾಳ ಹೂಡೋ ಯೋಚನೆಯಲ್ಲಿದ್ದಾರೆ, ಬೀದಿಯಲ್ಲಿ ಗುಂಡು ಹಾರಿದರೆ ಊರಿನ ಹೆಸರು ಕೆಡುತ್ತೆ, ನೀನು ಹೊರಟುಬಿಡೋದೇ ಒಳ್ಳೇದು ಅನ್ನುತ್ತಾನೆ. ಇಂಥ ಸಭೆ ನಾವೂ ನೋಡಿದ್ದೀವಿ, ಅಲ್ವಾ?

ಚಿತ್ರಕಥೆ ಬರೆದ ಕಾರ್ಲ್ ಫೋರ್ಮನ್ ಅವರಿಗೆ ಬರೆಯುತ್ತಿದ್ದಾಗಲೇ ಗಂಡಾಂತರ ಬಂದಿತ್ತು. ಹಾಲಿವುಡ್‌ನಲ್ಲಿ ಕಮ್ಯುನಿಸ್ಟರನ್ನು ಹುಡುಕಿ ಹೊರಹಾಕುವ ಕಾಲ ಅದು. 1951ರಲ್ಲಿ ಸಂಸತ್ತಿನ ಸಮಿತಿ ಕರೆಸಿತು. ಗೆಳೆಯರ ಹೆಸರು ಹೇಳೋದಿಲ್ಲ ಅಂದರು. ಕಪ್ಪುಪಟ್ಟಿಗೆ ಹೆಸರು ಬಿತ್ತು, ಇಂಗ್ಲೆಂಡಿಗೆ ಹೊರಟು ಹೋದರು. ಆಗ ಗೆಳೆಯರು ತನ್ನಿಂದ ಜಾರಿಕೊಳ್ಳಲು ಹೇಳಿದ ಮಾತುಗಳೇ ಪಿಕ್ಚರಿನ ಊರಿನವರ ಬಾಯಿಗೆ ಬಂದವು ಅಂತ ಅವರು ಆಮೇಲೆ ಹೇಳಿಕೊಂಡರು. ಶತ್ರು ರೈಲಿನಲ್ಲಿ ಬರುವ ಮಿಲ್ಲರ್ ಅಲ್ಲ. ಪರದೆ ಸರಿಸಿ ಇಣುಕುವ ನೆರೆಮನೆಯವನು. ಕೊನೆಯಲ್ಲಿ ಮಿಲ್ಲರ್ ಸತ್ತ ಮೇಲೆ ಊರಿನವರೆಲ್ಲ ಹೊರಗೆ ಬರುತ್ತಾರೆ. ಕೂಪರ್ ಆ ಜನರನ್ನು ನೋಡುತ್ತಾನೆ, ಎದೆ ಮೇಲಿನ ತಗಡಿನ ನಕ್ಷತ್ರ ಕಿತ್ತು ಮಣ್ಣಿಗೆ ಬಿಸಾಕುತ್ತಾನೆ, ಗಾಡಿ ಹತ್ತುತ್ತಾನೆ. ಮಾತಿಲ್ಲ.

ಜಾನ್ ವೇನ್ ಅವರಿಗೆ ಇದು ಮೈ ಉರಿಯಿತು. ತಮಾಷೆ ಅಂದರೆ 1953ರಲ್ಲಿ ಇದೇ ಪಾತ್ರಕ್ಕೆ ಕೂಪರ್ ಅವರಿಗೆ ಆಸ್ಕರ್ ಬಂದಾಗ ಅವರ ಪರವಾಗಿ ವೇದಿಕೆಗೆ ಹೋಗಿ ಪ್ರಶಸ್ತಿ ತಗೊಂಡವರೂ ವೇನ್ ಅವರೇ, ಇಂಥ ಪಾತ್ರ ನನಗ್ಯಾಕೆ ಸಿಗಲಿಲ್ಲ ಅಂತ ನಗೆಚಟಾಕಿ ಬೇರೆ ಹಾರಿಸಿದ್ದರು. 1971ರ ಒಂದು ಸಂದರ್ಶನದಲ್ಲಿ ಮಾತ್ರ, ನನ್ನ ಜೀವಮಾನದಲ್ಲಿ ಇಷ್ಟು ಅಮೆರಿಕ ವಿರೋಧಿಯಾದ ಪಿಕ್ಚರ್ ನೋಡಿಲ್ಲ, ಕೂಪರ್ ಆ ಬಿಲ್ಲೆಯನ್ನು ಕಾಲಲ್ಲಿ ತುಳಿಯುತ್ತಾನೆ ಅಂದರು. ನಾನು ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ತುಳಿಯೋದಿಲ್ಲ. ಬರೀ ಬಿಸಾಕುತ್ತಾನೆ. ಇಪ್ಪತ್ತು ವರ್ಷದಲ್ಲಿ ಸಿಟ್ಟು ಆ ಮನುಷ್ಯನ ನೆನಪಿನಲ್ಲಿ ಒಂದು ಹೆಜ್ಜೆ ಜಾಸ್ತಿ ಇಟ್ಟಿದೆ.

1959ರಲ್ಲಿ ಅವರೂ ನಿರ್ದೇಶಕ ಹೊವರ್ಡ್ ಹಾಕ್ಸ್ ಅವರೂ ಸೇರಿ ಜವಾಬು ಕೊಟ್ಟರು, 'ರಿಯೊ ಬ್ರಾವೊ'. ಶೆರಿಫ್ ಆದವನು ಊರವರ ಮುಂದೆ ಸಹಾಯ ಬೇಡಿಕೊಂಡು ಓಡಾಡುತ್ತಾನೇನ್ರೀ ಅನ್ನೋದು ಹಾಕ್ಸ್ ಅವರ ತಕರಾರು. ಇಲ್ಲಿ ಜನ ಬರುತ್ತೇವೆ ಅಂದರೂ ಶೆರಿಫ್ ಬೇಡ ಅನ್ನುತ್ತಾನೆ. ಒಬ್ಬ ಕುಡುಕ, ಒಬ್ಬ ಕುಂಟ ಮುದುಕ, ಒಬ್ಬ ಚಿಗುರುಮೀಸೆ ಹುಡುಗ, ಇಷ್ಟೇ ಜನರನ್ನು ಇಟ್ಟುಕೊಂಡು ಗೆಲ್ಲುತ್ತಾನೆ. ನಿಜ ಹೇಳಬೇಕು ಅಂದರೆ ಪಿಕ್ಚರ್ ಬಹಳ ಚೆನ್ನಾಗಿದೆ. ಜವಾಬು ಅಂತ ನೋಡಿದರೆ ಮಾತ್ರ ಪೇಲವ, ಯಾಕೆಂದರೆ 'ಹೈ ನೂನ್' ಕೇಳಿದ ಪ್ರಶ್ನೆ ಊರಿನವರ ಬಗ್ಗೆ, ಇವರು ಉತ್ತರ ಕೊಟ್ಟಿದ್ದು ಶೆರಿಫ್ ಬಗ್ಗೆ.

ಇನ್ನೊಂದು ವಿಷಯ ಹೇಳಿ ಮುಂದಕ್ಕೆ ಹೋಗುತ್ತೇನೆ. ಕಮ್ಯುನಿಸ್ಟರ ಪರ ಅಂತ ಬೈಸಿಕೊಂಡ ಈ ಪಿಕ್ಚರಿನ ಕೂಪರ್, 1989ರ ಜೂನ್ 4ರ ಪೋಲೆಂಡ್ ಚುನಾವಣೆಯಲ್ಲಿ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಪೋಸ್ಟರಿನಲ್ಲಿ ನಿಂತರು. ಕೈಯಲ್ಲಿ ಪಿಸ್ತೂಲಿನ ಬದಲು ಮತಚೀಟಿ, ಎದೆ ಮೇಲೆ ಸಾಲಿಡಾರಿಟಿ ಸಂಘಟನೆಯ ಬಿಲ್ಲೆ. ಒಂದು ದೇಶದ ಪಿಕ್ಚರನ್ನು ಇನ್ನೊಂದು ದೇಶ ತನ್ನ ಊರಿನ ಕಥೆ ಅಂತ ಓದಿಕೊಂಡಿತು.

ಟಿವಿ ವಿಷಯಕ್ಕೆ ಬರೋಣ. 1959ರ ಸುಮಾರಿಗೆ ಅಮೆರಿಕದ ಟಿವಿಯಲ್ಲಿ ಸಂಜೆ ಹೊತ್ತು ಹೆಚ್ಚುಕಡಿಮೆ ಮೂವತ್ತು ಕೌಬಾಯ್ ಸೀರಿಯಲ್‌ಗಳು ಓಡುತ್ತಿದ್ದವು. 'ಗನ್‌ಸ್ಮೋಕ್' 1955ರಲ್ಲಿ ಶುರುವಾಗಿ ಇಪ್ಪತ್ತು ವರ್ಷ, 635 ಕಂತು. ನಮ್ಮ ಮೆಗಾ ಸೀರಿಯಲ್ ಮುಂದೆ ಇದೇನು ಮಹಾ ಅಂತೀರಿ, ಆದರೆ ಇವು ವಾರಕ್ಕೊಂದು. 'ಬೊನಾಂಜಾ'ದಲ್ಲಿ ಅಪ್ಪ, ಮೂವರು ಮಕ್ಕಳು, ಕಣ್ಣು ಹರಿಯುವಷ್ಟು ದೂರ ಜಮೀನು. ವಾರದ ಸಮಸ್ಯೆ ಒಂದು ಗಂಟೆಯೊಳಗೆ ಇತ್ಯರ್ಥ. ಯುದ್ಧ ಗೆದ್ದು, ಮನೆ ಕಟ್ಟಿ, ಕಾರು ಕೊಂಡಿದ್ದ ಜನಕ್ಕೆ ಅವರದೇ ನೆಮ್ಮದಿಯನ್ನು ಟೋಪಿ ಹಾಕಿಸಿ ತೋರಿಸಿದಂತೆ. 1960ರ ಜುಲೈನಲ್ಲಿ ಕೆನಡಿ ಲಾಸ್ ಏಂಜಲೀಸ್‌ನಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ನಿಂತು, ಒಂದು ಕಾಲದಲ್ಲಿ ದೇಶದ ಕೊನೆಯ ಗಡಿಯಾಗಿದ್ದ ಜಾಗದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದೇನೆ, ನಮ್ಮ ಮುಂದೆ ಹೊಸ ಗಡಿ ಇದೆ ಅಂದಾಗ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದೇ ವರ್ಷ ಬಂದ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್'ನಲ್ಲಿ ಏಳು ಜನ ಬಂದೂಕುಧಾರಿಗಳು ಗಡಿ ದಾಟಿ ಮೆಕ್ಸಿಕೋದ ಬಡ ರೈತರನ್ನು ಕಾಪಾಡೋಕೆ ಹೋಗುತ್ತಾರೆ. ಕಥೆ ಜಪಾನಿನ ನಿರ್ದೇಶಕ ಕುರೊಸಾವಾ ಅವರದ್ದು. ಪರದೇಶದ ರೈತರನ್ನು ನಾವೇ ಹೋಗಿ ಉಳಿಸಬೇಕು ಅನ್ನುವ ಹುಮ್ಮಸ್ಸು ಮಾತ್ರ ಅಪ್ಪಟ 1960ರ ಅಮೆರಿಕದ್ದು.

ಇಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬರು ತಡೆದರು. "ಸಾರ್, ಇದೆಲ್ಲ ನೀವು ಆಮೇಲೆ ಕೂತು ಜೋಡಿಸೋದಲ್ವಾ? ಅವರು ದುಡ್ಡಿಗೆ ತೆಗೆದಿರುತ್ತಾರೆ ಅಷ್ಟೇ." ಅರ್ಧ ಒಪ್ಪುತ್ತೇನೆ. ಸ್ಟುಡಿಯೋದಲ್ಲಿ ಹಳೇ ಸೆಟ್ಟು ಇತ್ತು, ಕುದುರೆ ಇತ್ತು, ಖರ್ಚು ಕಮ್ಮಿ. ಕಲರ್ ಟಿವಿ ಮಾರಬೇಕಾಗಿತ್ತು ಅಂತಲೇ 'ಬೊನಾಂಜಾ' ಬಣ್ಣದಲ್ಲಿ ಬಂತು, ಚಾನೆಲ್ ಆ ಟಿವಿ ಕಂಪನಿಯದ್ದೇ. ಈ ಸೀರಿಯಲ್‌ಗಳು ನಿಂತುಹೋಗಿದ್ದಕ್ಕೂ ಜಾಹೀರಾತಿನವರಿಗೆ ಹಳ್ಳಿಯ ಮುದುಕರು ಬೇಡವಾಗಿ ಪೇಟೆಯ ಹುಡುಗರು ಬೇಕಾಗಿದ್ದು ಒಂದು ಕಾರಣ. ಆದರೆ ದುಡ್ಡಿಗೆ ಅಂತ ತೆಗೆಯುವವನೇ ಅಲ್ವಾ ಜನರ ನಾಡಿ ಜಾಸ್ತಿ ಹಿಡಿದು ನೋಡೋದು?

ಈಗ ಆ ಕಹಳೆ. 1968ರ ಮಾರ್ಚ್‌ನಲ್ಲಿ ವಿಯೆಟ್ನಾಂನ ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ಹೆಂಗಸರು ಮಕ್ಕಳು ಅಂತ ನೋಡದೆ ಕೊಂದರು. ಸುದ್ದಿ ಹೊರಗೆ ಬಂದಿದ್ದು 1969ರ ನವೆಂಬರ್‌ನಲ್ಲಿ. 1970ರ ಕೊನೆಗೆ ಆರ್ಥರ್ ಪೆನ್ ಅವರ 'ಲಿಟಲ್ ಬಿಗ್ ಮ್ಯಾನ್' ಬಂತು. ಹಿಮ ಬಿದ್ದಿದೆ, ನದಿ ದಂಡೆಯಲ್ಲಿ ಶೈಯೆನ್ ಎಂಬ ಮೂಲನಿವಾಸಿ ಜನರ ಗುಡಾರಗಳು, ಬೆಳಗಿನ ಜಾವ. ದೂರದಿಂದ ಕೊಳಲು, ತಮಟೆಯ ಸದ್ದು. 'ಗ್ಯಾರಿ ಓವನ್' ಅನ್ನುವ ಕುಣಿಯುವಂಥ ಮಟ್ಟು, ಸೇನಾಧಿಕಾರಿ ಕಸ್ಟರ್ ಅವರ ಪಡೆಯ ಹಾಡು, ಹಳೇ ಪಿಕ್ಚರುಗಳಲ್ಲಿ ಕೇಳಿದ ಕೂಡಲೇ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಆ ಹಾಡಿನ ಹಿಂದೆಯೇ ಕುದುರೆ ಸೈನ್ಯ ನುಗ್ಗಿ ಎಲ್ಲರನ್ನೂ ಕೊಲ್ಲುತ್ತೆ. 1868ರ ವಾಷಿಟಾ ನದಿಯ ದಾಳಿ ಅದು, ನಿಜಕ್ಕೂ ನಡೆದದ್ದು. 1939ರಲ್ಲಿ ಕಹಳೆ ಕೇಳಿ ಉಸಿರು ಬಿಟ್ಟ ಜನರ ಮಕ್ಕಳು 1970ರಲ್ಲಿ ಅದೇ ಸೈನ್ಯದ ಹಾಡು ಕೇಳಿ ಉಸಿರು ಹಿಡಿದರು. ಓಡಿ ಸಾಯುವ ಶೈಯೆನ್ ಹೆಂಗಸಿನ ಪಾತ್ರಕ್ಕೆ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ನಟಿಯನ್ನು ಹಾಕಿದ್ದರು. ಯಾವ ಯುದ್ಧದ ಬಗ್ಗೆ ಮಾತು ಅಂತ ಟಾಕೀಸಿನಲ್ಲಿ ಕೂತವರಿಗೆ ಅರ್ಥವಾಗದೆ ಇರುತ್ತಾ?

ನನಗೆ ಇಲ್ಲೊಂದು ತಕರಾರಿದೆ. ಮೊದಲು ಶೈಯೆನ್ ಜನ ಬರೀ ಬೀಳೋಕೆ ಇದ್ದರು. ಈಗ ಅವರನ್ನು ವಿಯೆಟ್ನಾಂ ಜನರ ಜಾಗದಲ್ಲಿ ನಿಲ್ಲಿಸಿದರು. ಅನುಕಂಪ ಬಂತು, ಸರಿ, ಆದರೆ ಕಥೆ ಹೇಳುವವನು ಡಸ್ಟಿನ್ ಹಾಫ್‌ಮನ್ ಪಾತ್ರ, ಬಿಳಿಯ. 1990ರ 'ಡ್ಯಾನ್ಸಸ್ ವಿತ್ ವುಲ್ವ್ಸ್'ಗೆ ಏಳು ಆಸ್ಕರ್ ಬಂದವು, ಮೂಲನಿವಾಸಿಗಳ ಲಕೋಟಾ ಭಾಷೆಯ ಮಾತೇ ತುಂಬಾ ಇದೆ, ನಡುವೆ ನಿಂತಿರೋದು ಮತ್ತೆ ಕೆವಿನ್ ಕಾಸ್ಟ್ನರ್. ಪಾಪ ಪರಿಹಾರಕ್ಕೂ ಇನ್ನೊಬ್ಬರ ಅಂಗಳವೇ ಬೇಕಾಯಿತು.

'ಗನ್‌ಸ್ಮೋಕ್'ನ ಕೊನೆಯ ಕಂತು ಬಂದಿದ್ದು 1975ರ ಮಾರ್ಚ್ 31ಕ್ಕೆ. ಏಪ್ರಿಲ್ 30ಕ್ಕೆ ಸೈಗಾನ್ ಬಿತ್ತು, ವಿಯೆಟ್ನಾಂ ಯುದ್ಧ ಮುಗಿಯಿತು. ಕಾಕತಾಳೀಯ, ಇರಲಿ. ಆದರೆ ಅಲ್ಲಿ ಕುದುರೆಗಳು ಲಾಯ ಸೇರಿದ ವರ್ಷವೇ ನಮ್ಮ ರಾಮನಗರದ ಬಂಡೆಗಳ ನಡುವೆ ಓಡಿದ ಕುದುರೆಗಳು ದೇಶಕ್ಕೆಲ್ಲ ಕಾಣಿಸಿದವು, 'ಶೋಲೆ' ಬಂದಿದ್ದು ಆ ಆಗಸ್ಟ್ 15ಕ್ಕೆ. ತುರ್ತುಪರಿಸ್ಥಿತಿ ಬಂದು ಎರಡು ತಿಂಗಳೂ ಆಗಿರಲಿಲ್ಲ. ಠಾಕೂರ್ ಗಬ್ಬರನನ್ನು ತುಳಿದು ಕೊಲ್ಲುವ ಕೊನೆಯನ್ನು ಸೆನ್ಸಾರಿನವರು ಬದಲಾಯಿಸಿಸಿದರು, ಕೊನೇ ಗಳಿಗೆಯಲ್ಲಿ ಪೊಲೀಸರು ಬಂದು ಕಾನೂನು ಹೇಳಬೇಕಾಯಿತು. ಪಿಕ್ಚರ್ ತೆಗೆದ ವರ್ಷ ನೋಡಿ ಅಂದೆನಲ್ಲ, ನಮ್ಮದಕ್ಕೂ ಅದು ಸಲ್ಲುತ್ತೆ.

ರೇಗನ್ ಕಾಲವನ್ನು ಹಾರಿಸಿಬಿಡುತ್ತೇನೆ, ಕೌಬಾಯ್ ಪಿಕ್ಚರಿನ ನಟರೇ ಅಧ್ಯಕ್ಷರಾದ ಮೇಲೆ ಟಾಕೀಸಿನಲ್ಲಿ ಬೇರೆ ಏನು ಬೇಕಿತ್ತು? 1992ರ 'ಅನ್‌ಫರ್‌ಗಿವನ್' ಮಾತ್ರ ಬಿಡೋಕಾಗೋದಿಲ್ಲ. ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿ ನಟಿಸಿದ್ದು. ಒಂದು ಕಾಲದ ಕೊಲೆಗಡುಕ ಈಗ ಹಂದಿ ಸಾಕುತ್ತಾ ಕೆಸರಲ್ಲಿ ಬಿದ್ದಿದ್ದಾನೆ. ಕುದುರೆ ಹತ್ತೋಕೆ ಹೋದರೆ ಜಾರಿ ಬೀಳುತ್ತಾನೆ, ಮಕ್ಕಳು ಸುಮ್ನೆ ನೋಡುತ್ತಾ ನಿಂತಿರುತ್ತಾರೆ. ಊರಿನ ಶೆರಿಫ್ ಲಿಟಲ್ ಬಿಲ್, ಬಂದೂಕು ಬೇಡ ಅನ್ನುವವನು, ತನ್ನ ಕೈಯಾರೆ ಮನೆ ಕಟ್ಟಿಕೊಳ್ಳುತ್ತಿರುವವನು. ಅದೇ ಮನುಷ್ಯ ನಡುಬೀದಿಯಲ್ಲಿ ಒಬ್ಬನನ್ನು ಒದ್ದು ಒದ್ದು ಹಾಕುತ್ತಾನೆ, ಊರೆಲ್ಲ ನೋಡುತ್ತೆ. ಆಮೇಲೆ ಮಾರ್ಗನ್ ಫ್ರೀಮನ್ ಮಾಡಿದ ನೆಡ್‌ನನ್ನು ಚಾವಟಿಯಲ್ಲಿ ಹೊಡೆದು ಸಾಯಿಸುತ್ತಾನೆ. ಲಾಸ್ ಏಂಜಲೀಸ್‌ನ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ರಸ್ತೆಯಲ್ಲಿ ಬಡಿದ ವಿಡಿಯೋ ಆಗಲೇ ಅಮೆರಿಕದವರೆಲ್ಲ ನೋಡಿಯಾಗಿತ್ತು, ಆ ಪೊಲೀಸರ ಬಿಡುಗಡೆಯಾಗಿ ನಗರ ಹೊತ್ತಿ ಉರಿದು ಮೂರು ತಿಂಗಳು ಕಳೆದ ಮೇಲೆ ಈ ಪಿಕ್ಚರ್ ಬಂತು. ವಿಚಿತ್ರ ಅಂದರೆ ಚಿತ್ರಕಥೆ 1970ರ ದಶಕದಲ್ಲೇ ಬರೆದಿಟ್ಟಿದ್ದು. ಬರೆದವರಿಗೆ ಆ ವಿಡಿಯೋ ಹೇಗೆ ಗೊತ್ತಿರಬೇಕು? ಅದನ್ನು ತಂದವರು ನೋಡೋಕೆ ಬಂದವರು. ಜೋಡಿಸೋದು ನೀವಲ್ವಾ ಅಂತ ಕೇಳಿದವರಿಗೆ ನಾನು ಕೊಡಬಹುದಾದ ಉತ್ತರವೂ ಇದೇ. ಹೌದು, ಜೋಡಿಸುತ್ತೇವೆ. ಆದರೆ ಆಗಿನವರೂ ಜೋಡಿಸಿಕೊಂಡೇ ನೋಡಿದ್ದರು.

ಇಷ್ಟೆಲ್ಲ ಆದರೂ ಹಳೇ ಪಿಕ್ಚರ್ ತಲೆಯಿಂದ ಹೋಗಲಿಲ್ಲ. 2001ರ ಸೆಪ್ಟೆಂಬರ್ 17ರಂದು ಬುಷ್, ಬಿನ್ ಲಾದೆನ್ ಬಗ್ಗೆ ಹೇಳುತ್ತಾ ಪಶ್ಚಿಮದ ಹಳೇ ಪೋಸ್ಟರ್ ನೆನಪಿಸಿಕೊಂಡರು, ಜೀವಂತವಾಗಿಯೋ ಹೆಣವಾಗಿಯೋ ಬೇಕು ಅನ್ನುವಂಥದ್ದು. 2011ರಲ್ಲಿ ಅವನನ್ನು ಕೊಂದಾಗ ರೇಡಿಯೋದಲ್ಲಿ ಹೋದ ಸಂಕೇತ ಪದ ಜೆರೊನಿಮೊ. 'ಸ್ಟೇಜ್‌ಕೋಚ್'ನವರು ಹೆಸರು ಕೇಳಿಯೇ ನಡುಗುವ ಅದೇ ಅಪಾಚೆ ನಾಯಕ.

ಈಚಿನದ್ದು ಎರಡೇ ಹೇಳುತ್ತೇನೆ. 2018ರಿಂದ 2024ರವರೆಗೆ ಬಂದ 'ಯೆಲ್ಲೋಸ್ಟೋನ್' ಸೀರಿಯಲ್‌ನಲ್ಲಿ ಅದೇ ಕಾಸ್ಟ್ನರ್ ಈಗ ಮೊಂಟಾನಾದ ದೊಡ್ಡ ಜಮೀನ್ದಾರ. ಭಯ ಗುಡ್ಡದಾಚೆಯಿಂದ ಬರೋದಿಲ್ಲ, ವಿಮಾನ ನಿಲ್ದಾಣದಿಂದ, ರೆಸಾರ್ಟ್ ಕಟ್ಟೋರಿಂದ, ಪೇಟೆ ದುಡ್ಡಿನಿಂದ ಬರುತ್ತೆ. ಹೊರಗಿನವರು ಬಂದು ನಮ್ಮ ನೆಲ ನುಂಗುತ್ತಾರೆ ಅಂತ ಬಿಳಿ ಜಮೀನ್ದಾರ ಹಲ್ಲು ಕಡಿಯುತ್ತಾನೆ. ಪಕ್ಕದ ಮೀಸಲು ಪ್ರದೇಶದ ಮೂಲನಿವಾಸಿ ಮುಖಂಡ ಸೂಟು ಹಾಕಿಕೊಂಡು ಕೂತು, ಆ ಮಾತು ನಾವು ಮೊದಲೇ ಕೇಳಿದ್ದೀವಿ ಅನ್ನುವ ಹಾಗೆ ನೋಡುತ್ತಾನೆ. ಹಳ್ಳಿಗಾಡಿನ ಅರ್ಧ ಅಮೆರಿಕ ತನ್ನನ್ನು ತಾನು ಹೇಗೆ ನೋಡಿಕೊಳ್ಳುತ್ತಿದೆ ಅನ್ನೋದು ಚುನಾವಣಾ ವಿಶ್ಲೇಷಣೆಗಿಂತ ಇದರಲ್ಲಿ ನನಗೆ ಚೆನ್ನಾಗಿ ಗೊತ್ತಾಯಿತು.

ಇನ್ನೊಂದು 2023ರ 'ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್'. 1920ರ ದಶಕ, ಓಕ್ಲಹೋಮಾ. ಒಸೇಜ್ ಎಂಬ ಮೂಲನಿವಾಸಿ ಜನರ ನೆಲದಲ್ಲಿ ಎಣ್ಣೆ ಸಿಕ್ಕಿದೆ, ದುಡ್ಡಿಗಾಗಿ ಬಿಳಿಯರು ಅವರನ್ನು ಮದುವೆಯಾಗಿ, ಮನೆಯೊಳಗಿದ್ದೇ ಒಬ್ಬೊಬ್ಬರನ್ನಾಗಿ ಕೊಲ್ಲುತ್ತಿದ್ದಾರೆ. ಅಪಾಯ ಬಂಡಿಯ ಹೊರಗೂ ಇಲ್ಲ, ಬೀದಿಯಲ್ಲೂ ಇಲ್ಲ, ಹಾಸಿಗೆ ಪಕ್ಕದಲ್ಲಿ ಸೂಜಿಮದ್ದು ಹಿಡಿದು ಕೂತಿದೆ. ಕೊನೆಗೆ ಇಡೀ ಕಥೆ ಒಂದು ರೇಡಿಯೋ ನಾಟಕವಾಗಿ, ಸಿಗರೇಟು ಜಾಹೀರಾತಿನ ಜೊತೆ ಮುಗಿಯುತ್ತೆ. ನಿರ್ದೇಶಕ ಸ್ಕಾರ್ಸೇಸಿ ಅವರೇ ವೇದಿಕೆಗೆ ಬಂದು ಹಾಗೆ ಬಿಳಿಯನೊಬ್ಬನನ್ನು ಮದುವೆಯಾಗಿದ್ದ ಮೋಲಿ ಎಂಬ ಒಸೇಜ್ ಹೆಂಗಸಿನ ಸಾವಿನ ಪ್ರಕಟಣೆ ಓದುತ್ತಾರೆ. ಅದರಲ್ಲಿ ಕೊಲೆಗಳ ಸುದ್ದಿಯೇ ಇಲ್ಲ ಅಂತ ಹೇಳಿ ನಿಲ್ಲಿಸುತ್ತಾರೆ. ಆಮೇಲೆ ಕ್ಯಾಮೆರಾ ಮೇಲಕ್ಕೆ ಏರುತ್ತೆ, ಕೆಳಗೆ ಇವತ್ತಿನ ಒಸೇಜ್ ಜನ ನಗಾರಿಯ ಸುತ್ತ ಕುಣಿಯುತ್ತಿರುತ್ತಾರೆ.

ಇದಂತೂ ಸರಿಯಾಯಿತಲ್ಲ ಸಾರ್ ಅಂತ ಹಿಂದಿನಿಂದ ಒಬ್ಬ ಹುಡುಗಿ ಕೇಳಿದಳು. ಆ ಪಿಕ್ಚರಿಗೆ ಒಸೇಜ್ ಭಾಷೆ ಕಲಿಸಿದ ಸಲಹೆಗಾರರೊಬ್ಬರು ಬಿಡುಗಡೆಯ ಹೊತ್ತಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು. ಇದನ್ನು ಮೋಲಿಯ ಕಣ್ಣಿನಿಂದ ನೋಡಬೇಕು ಅಂತ ನನಗೆ ಬಹಳ ಆಸೆ ಇತ್ತು, ಆದರೆ ಅದನ್ನು ಮಾಡೋಕೆ ಒಬ್ಬ ಒಸೇಜ್ ವ್ಯಕ್ತಿಯೇ ಬೇಕಾಗುತ್ತೆ ಅಂದಿದ್ದರು ಅವರು.